ಇವತ್ತು ಎಂತ ಪದಾರ್ಥ?

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಫೋನು ಬಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ಆ ಹೊತ್ತಿಗೆ ನಾನು ತೆಂಗಿನಕಾಯಿ ತುರಿಯುತ್ತಿರುತ್ತೇನೆ, ಇಲ್ಲವೇ ತುರಿಯಬೇಕಲ್ಲ ಎಂಬ ಬೇಜಾರಿನಲ್ಲಿ ಓದಿ ಮುಗಿಸಿದ ಪೇಪರನ್ನೇ ಮತ್ತೆ ಓದುತ್ತಿರುತ್ತೇನೆ. ಫೋನು ಎತ್ತಿದರೆ ಹಲೋ ಇಲ್ಲ, ನಮಸ್ಕಾರ ಇಲ್ಲ, ಯಾರು ಮಾತನಾಡುವುದೆಂಬ ಪೀಠಿಕೆಯೂ ಇಲ್ಲ. ಒಂದೇ ಪ್ರಶ್ನೆ.

"ಇವತ್ತು ಎಂತ ಪದಾರ್ಥ?"

ಕೇಳುವವರು ವಾರಿಜಕ್ಕ. ಕದ್ರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಮನೆಯ ಸರಿ ಕೆಳಗಿನ ಮನೆಯಲ್ಲಿ ಒಬ್ಬರೇ ಇರುವವರು. ಬಾಲ್ಕನಿಯಿಂದ ಕೂಗಿದರೂ ನನಗೆ ಕೇಳುತ್ತದೆ. ಆದರೂ ಫೋನಿನಲ್ಲೇ ಕೇಳುತ್ತಾರೆ, ಯಾಕೆಂದರೆ ಅವರ ಹನ್ನೊಂದು ಗಂಟೆಯ ಸುತ್ತಿನಲ್ಲಿ ನಾನು ನಡುವೆ ಎಲ್ಲೋ ಬರುವವಳು. ನನಗಿಂತ ಮೊದಲು ಯಾರದೋ ಬದನೆಕಾಯಿ ವಿಚಾರಿಸಿ ಆಗಿರುತ್ತದೆ, ನನ್ನ ನಂತರ ಇನ್ಯಾರದೋ ಹೆಸರುಕಾಳು ಕಾದಿರುತ್ತದೆ.

ಘಟ್ಟದ ಮೇಲಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಂಗಳೂರಿನ ಕನ್ನಡದಲ್ಲಿ ಪದಾರ್ಥ ಎಂದರೆ ಅನ್ನದ ಜೊತೆ ಉಣ್ಣುವ ಸಾಂಬಾರು, ರಸವಿರುವ ಗಸಿ, ರಸ ಇಂಗಿಸಿದ ಸುಕ್ಕ, ಮೀನಿನ ಸಾರು ಇತ್ಯಾದಿ ಎಲ್ಲ. ತುಳುವಿನ 'ಕಜಿಪು' ಕನ್ನಡದ ಅಂಗಿ ತೊಟ್ಟಾಗ ಯಾಕೋ ಇಷ್ಟು ದೊಡ್ಡ ಅಂಗಿಯನ್ನೇ ತೊಟ್ಟುಕೊಂಡಿತು. ನಾನು ಕನ್ನಡ ಟೀಚರಾಗಿ ನಿವೃತ್ತಳಾದವಳು, ಈ ಶಬ್ದದ ಅವಾಂತರ ಕಣ್ಣಾರೆ ಕಂಡವಳು. ಒಮ್ಮೆ ಘಟ್ಟದ ಮೇಲಿನಿಂದ ಬಂದ ಇನ್‌ಸ್ಪೆಕ್ಟರರು ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ "ಘನ ಪದಾರ್ಥಕ್ಕೆ ಒಂದು ಉದಾಹರಣೆ ಕೊಡಿ" ಎಂದು ಕೇಳಿದರು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು "ಕೋಳಿ ಸುಕ್ಕ ಸರ್" ಎಂದಳು. ಇನ್‌ಸ್ಪೆಕ್ಟರರು ಕನ್ನಡಕ ಸರಿಮಾಡಿಕೊಂಡು "ದ್ರವ ಪದಾರ್ಥ?" ಎಂದರು. "ಅದೇ ಕೋಳಿಯ ಗಸಿ ಸರ್." ನಗು ತಡೆಯಲಾರದೆ ನಾನು ಬೋರ್ಡು ಒರೆಸುವ ನೆಪದಲ್ಲಿ ಆಚೆ ತಿರುಗಿದೆ. ಬೋರ್ಡಿನ ಮೇಲೆ ಒಂದಕ್ಷರವೂ ಇರಲಿಲ್ಲ.

ಚಿಕ್ಕವಳಿದ್ದಾಗ ಈ ಪ್ರಶ್ನೆ ನಮ್ಮ ಮನೆಯ ಪಾಗಾರದ ಗೋಡೆಯ ಆಚೆಯಿಂದ ದಿನವೂ ಹಾರಿ ಬರುತ್ತಿತ್ತು. ಅಮ್ಮ ಅರೆಯುವ ಕಲ್ಲಿನ ಮುಂದೆ ಕುಳಿತೇ ಉತ್ತರ ಹಾರಿಸುತ್ತಿದ್ದರು. ಮೀನು ಇದ್ದ ದಿನ ದನಿ ಎತ್ತರ, ಬರೀ ಚಟ್ನಿಯ ದಿನ ಇನ್ನೂ ಎತ್ತರ. ಶಾಲೆ ಬಿಟ್ಟು ಬರುವಾಗ ನಾನು ಮೂಗಿನಿಂದಲೇ ದಾರಿಯ ಮನೆಗಳ ಪದಾರ್ಥ ಹೇಳುತ್ತಿದ್ದೆ. ಒಣಮೀನು ಸುಟ್ಟದ್ದನ್ನು ಯಾವ ಮನೆಯವರೂ ಗುಟ್ಟಾಗಿಡಲು ಸಾಧ್ಯವಿರಲಿಲ್ಲ.

ಆದರೆ ನಾಲ್ಕಕ್ಷರ ಕಲಿತ ಮೇಲೆ ನನಗೆ ಇದು ಹಳ್ಳಿಯ ಪ್ರಶ್ನೆ, ಇನ್ನೊಬ್ಬರ ಅಡಿಗೆಮನೆಗೆ ಇಣುಕುವ ಪ್ರಶ್ನೆ ಎನಿಸತೊಡಗಿತು. "ಸೌಖ್ಯವಾ?" ಎಂಬುದೇ ಸಭ್ಯರ ಪ್ರಶ್ನೆ ಎಂದು ತೀರ್ಮಾನಿಸಿದ್ದೆ. ವಾರಿಜಕ್ಕ ಕೆಳಗಿನ ಮನೆಗೆ ಬಂದ ಹೊಸತರಲ್ಲಿ ಅವರ ಫೋನಿಗೆ ನಾನು ಬೇಕೆಂದೇ ಚುಟುಕಾಗಿ ಉತ್ತರಿಸುತ್ತಿದ್ದೆ. "ತೊಂಡೆಕಾಯಿ." ಅಷ್ಟೇ. ಅವರು ಸೋಲುವವರಲ್ಲ. "ಪಲ್ಯವಾ, ಗಸಿಯಾ? ಕಡ್ಲೆ ಹಾಕಿದ್ದೀರಾ? ಹಾಕದೆ ಇದ್ರೆ ಎಂತ ತೊಂಡೆಕಾಯಿ ಮಾರಾಯ್ತಿ ಅದು?" ಹೀಗೆ ಶುರುವಾದ ಮಾತು ನನ್ನ ರಕ್ತದೊತ್ತಡಕ್ಕೆ ಬಂದು, ಲಿಫ್ಟಿನ ರಿಪೇರಿಗೆ ಹೋಗಿ ನಿಲ್ಲುತ್ತಿತ್ತು.

ಅಂದ ಹಾಗೆ, ನಮ್ಮ ಮಾತೆಲ್ಲ ನಡೆಯುವುದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಟೀಚರ ಚಾಳಿ.

ಈ ನಡುವೆ ನಮ್ಮ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ 'ಹಿರಿಯರ ಒಂಟಿತನ: ಕಾರಣ ಮತ್ತು ಪರಿಹಾರ' ಎಂಬ ಉಪನ್ಯಾಸ ಏರ್ಪಡಿಸಿದೆವು. ನಾನೇ ನಿರೂಪಕಿ. ಬಂದ ತಜ್ಞರು ಒಂಟಿತನ ಹೃದಯಕ್ಕೆ ಒಳ್ಳೆಯದಲ್ಲ, ಎಲ್ಲರೂ ಎಲ್ಲರೊಡನೆ ಬೆರೆಯಬೇಕು ಎಂದು ಚೆನ್ನಾಗಿ ಹೇಳಿದರು. ನಾವು ಹಿರಿಯರು ಚಪ್ಪಾಳೆ ತಟ್ಟಿ, ಗೋಳಿಬಜೆ ತಿಂದು, ಯಾರೊಡನೆಯೂ ಬೆರೆಯದೆ ನಮ್ಮ ನಮ್ಮ ಮನೆಗೆ ಹೋಗಿ ಚಿಲಕ ಹಾಕಿಕೊಂಡೆವು. ವಾರಿಜಕ್ಕ ಮಾತ್ರ ಹೊರಡುತ್ತಿದ್ದ ತಜ್ಞರನ್ನು ಕಾರಿನ ಬಾಗಿಲಲ್ಲಿ ತಡೆದು, ಅವರ ಮನೆಯಲ್ಲಿ ರಾತ್ರಿಗೆ ಎಂತ ಪದಾರ್ಥವೆಂದು ಕೇಳಿದರು. ಪಾಪ, ಅವರು ಹೋಟೆಲಿನಿಂದ ಪಾರ್ಸೆಲ್ ಕೊಂಡುಹೋಗುವವರಂತೆ.

ಈಗ ನನ್ನ ಅಣ್ಣನ ವಿಷಯಕ್ಕೆ ಬರುತ್ತೇನೆ. ಅಣ್ಣ ಹುಡುಗನಾಗಿದ್ದಾಗಲೇ ಮುಂಬಯಿಗೆ ಹೋಗಿ, ಯಾರದೋ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಅಡಿಗೆ ಭಟ್ಟರ ಕೈಕೆಳಗೆ ಪಳಗಿ, ಕೊನೆಗೆ ತನ್ನದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು. ಮಕ್ಕಳಿಲ್ಲ. ವಯಸ್ಸಾದ ಮೇಲೆ ಹೋಟೆಲು ಮಾರಿ, ಇಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಫ್ಲ್ಯಾಟು ತೆಗೆದು, ಅತ್ತಿಗೆಯೊಂದಿಗೆ ಬಂದು ನೆಲೆಸಿದ. ಊರು ಊರು ಎಂದು ಜೀವಮಾನವಿಡೀ ಹಂಬಲಿಸಿದವನು. ಬಂದು ನೋಡಿದರೆ ಊರಿನಲ್ಲಿ ಅವನ ಗುರುತಿನವರೇ ಇಲ್ಲ, ಇದ್ದ ಸ್ನೇಹಿತರೆಲ್ಲ ಮುಂಬಯಿಯಲ್ಲಿ. ಅತ್ತಿಗೆ ಇದ್ದಷ್ಟು ದಿನ ಅದು ಅವನಿಗೆ ಅಷ್ಟಾಗಿ ತಟ್ಟಲಿಲ್ಲ. ಒಂದು ಮಳೆಗಾಲ ಜ್ವರವೆಂದು ಮಲಗಿದ ಅತ್ತಿಗೆ ಎದ್ದು ಬರಲೇ ಇಲ್ಲ.

ನಮ್ಮ ಮನೆಗೇ ಬಂದಿರು ಎಂದು ಕರೆದೆ. "ನನಗೆ ನನ್ನ ಬಾತ್‌ರೂಮೇ ಆಗ್ಬೇಕು" ಎಂದ. ಸರಿ, ದಿನವೂ ಸಂಜೆ ಫೋನು ಮಾಡುತ್ತಿದ್ದೆ.

"ಸೌಖ್ಯವಾ ಅಣ್ಣ?"

"ಫಸ್ಟ್ ಕ್ಲಾಸ್."

ಅವನು ಫಸ್ಟ್ ಕ್ಲಾಸ್ ಎಂದ ಮೇಲೆ ಮುಗಿಯಿತಲ್ಲ. ನಾನು ನಿಶ್ಚಿಂತೆಯಿಂದ ಧಾರಾವಾಹಿ ನೋಡುತ್ತಿದ್ದೆ.

ಒಂದು ದಿನ ವಾರಿಜಕ್ಕ ಮೊಸರಿಗೆ ಹೆಪ್ಪು ಕೇಳಲು ಮೇಲೆ ಬಂದಾಗ ನಾನು ಅಣ್ಣನೊಡನೆ ಮಾತನಾಡುತ್ತಿದ್ದೆ. ನಮ್ಮ ಸಂಭಾಷಣೆಯ ಉದ್ದ ನೋಡಿ ಅವರಿಗೆ ಕನಿಕರವಾಯಿತೋ ಏನೋ, "ಕೊಡಿ ಇಲ್ಲಿ" ಎಂದು ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದರು.

"ಶೆಟ್ರೇ, ನಾನು ಟೀಚರ ಕೆಳಗಿನ ಮನೆಯ ವಾರಿಜ. ಇವತ್ತು ನಿಮ್ಮಲ್ಲಿ ಎಂತ ಪದಾರ್ಥ?"

ಆ ಕಡೆಯಿಂದ ಅಣ್ಣನ ಗತ್ತಿನ ದನಿ ಬಂತು. "ಬಂಗುಡೆ ಪುಳಿಮುಂಚಿ."

"ಹೌದಾ? ಒಳ್ಳೇದು, ಒಳ್ಳೇದು." ವಾರಿಜಕ್ಕ ಫೋನು ಇಟ್ಟು ನನ್ನ ಮುಖ ನೋಡಿದರು. "ಟೀಚರೇ, ನಿಮ್ಮ ಅಣ್ಣನ ಮನೆಯಲ್ಲಿ ಒಲೆ ಹೊತ್ತಿಸದೆ ತುಂಬ ದಿನ ಆಗಿದೆ."

"ಎಂತ ಹೇಳುದು ನೀವು? ಈಗಷ್ಟೇ ಬಂಗುಡೆ ಅಂದನಲ್ಲ."

"ಇವತ್ತು ಸಂಕ್ರಾಂತಿ."

ತಿಂಗಳಿಗೊಮ್ಮೆ ಬರುವ ಸಂಕ್ರಾಂತಿಯ ದಿನ ನಮ್ಮ ಮನೆಗಳಲ್ಲಿ ಮೀನು ಬೇಯಿಸುವುದಿಲ್ಲ. ಅಂದು ಮೀನಿನ ಹೆಂಗಸೂ ನಮ್ಮ ಬೀದಿಗೆ ಬುಟ್ಟಿ ಹೊತ್ತು ಬರುವುದಿಲ್ಲ. ಅಣ್ಣನಂತೂ ಮುಂಬಯಿಯಲ್ಲಿ ಗಿರಾಕಿಗಳಿಗೆ ಮೀನು ಬಡಿಸಿದರೂ ಸಂಕ್ರಾಂತಿಯ ದಿನ ತನ್ನ ತಟ್ಟೆಗೆ ಹಾಕಿಸಿಕೊಂಡವನಲ್ಲ. ಅವನು ಸುಳ್ಳು ಹೇಳಿದ್ದು ನನಗೆ ದೊಡ್ಡದೆನಿಸಲಿಲ್ಲ. ಇಂದು ಸಂಕ್ರಾಂತಿ ಎಂದು ಅವನಿಗೆ ನೆನಪಿಸಲು ಮನೆಯಲ್ಲಿ ಒಂದು ಜೀವವೂ ಇಲ್ಲವಲ್ಲ ಎಂಬುದೇ ದೊಡ್ಡದೆನಿಸಿತು. ಯಾವ ದಿನವಾದರೂ ಅವನಿಗೆ ಒಂದೇ ಆಗಿಬಿಟ್ಟಿತ್ತು.

"ಸೌಖ್ಯವಾ ಅಂತ ಕೇಳಿದ್ರೆ ಸೌಖ್ಯ ಅಂತ ಹೇಳ್ಲಿಕ್ಕೆ ಎಲ್ಲರಿಗೂ ಗೊತ್ತುಂಟು ಟೀಚರೇ" ಎಂದರು ವಾರಿಜಕ್ಕ, ಸೆರಗು ಸರಿಮಾಡಿಕೊಳ್ಳುತ್ತ. "ಪದಾರ್ಥ ಕೇಳಿದ್ರೆ ಹಾಗೆ ಆಗುದಿಲ್ಲ. ಬೆಂಡೆ ಅಂದ್ರೆ ಮನೆಯಲ್ಲಿ ಬೆಂಡೆ ಇರ್ಬೇಕು. ನಡೀರಿ, ಹೋಗುವ."

ಆಟೋದಲ್ಲಿ ಜೆಪ್ಪುವಿಗೆ ಹೋಗುವಾಗ ಅವರು ಈ ಪ್ರಶ್ನೆ ಕಲಿತದ್ದು ಎಲ್ಲಿಂದ ಎಂದು ಹೇಳಿದರು. ಅವರ ಗಂಡ ಮಸ್ಕತ್ತಿನಲ್ಲಿದ್ದವರು, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರು. ಅಂಗಡಿಯ ಫೋನಿಗೆ ಅವರ ಕಾಲ್ ಬಂದರೆ ಇವರು ಓಡಿ ಹೋಗಬೇಕು. ಮಾತಿಗೆ ಸಿಗುವುದು ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಗಂಡ ಕೇಳುತ್ತಿದ್ದದ್ದು, ಇವತ್ತು ಎಂತ ಪದಾರ್ಥ?

"ನನಗೆ ಸಿಟ್ಟು ಬರ್ತಿತ್ತು. ಅಷ್ಟು ದೂರದಿಂದ ಕಾಲ್ ಮಾಡಿ ಕೇಳುದು ಇದನ್ನಾ ಅಂತ. ಮತ್ತೆ ಗೊತ್ತಾಯ್ತು. ನಾನು ಹೆಸರುಕಾಳು ಅಂತ ಎರಡು ಸಲ ಹೇಳಿದ್ರೆ ಕೈಯಲ್ಲಿ ಹಣ ಇಲ್ಲ ಅಂತ ಅವರಿಗೆ ಅಂದಾಜಾಗ್ತಿತ್ತು. ಗಂಜಿ ಅಂದ್ರೆ ಮಕ್ಕಳಿಗೆ ಹುಷಾರಿಲ್ಲ. ಕೋಳಿ ಅಂದ್ರೆ ಅಮ್ಮನ ಮನೆಯವರು ಬಂದಿದ್ದಾರೆ. ಒಂದು ನಿಮಿಷದಲ್ಲಿ ಬೇರೆ ಎಂತ ಕೇಳಿದ್ರೂ ಇಷ್ಟು ಸಿಕ್ಕುದಿಲ್ಲ."

ಅವರ ಗಂಡ ಈಗಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ. ಗಂಡ ತಮ್ಮನ್ನು ಕೇಳುತ್ತಿದ್ದುದನ್ನು ಇವರು ಊರವರನ್ನೆಲ್ಲ ಕೇಳುತ್ತ ಬಂದಿದ್ದಾರೆ. ಆಟೋದ ಗದ್ದಲದಲ್ಲಿ ನಾನು ಮನಸ್ಸಿನಲ್ಲೇ ಅವರಿಗೆ ಕೈಮುಗಿದೆ.

ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲು ತೆರೆದ. ಒಬ್ಬನೇ ಮನೆಯಲ್ಲಿರುವಾಗಲೂ ಅವನು ಹೀಗೆಯೇ, ಗಿರಾಕಿ ಬರಬಹುದು ಎಂಬಂತೆ. ಅಡಿಗೆಮನೆಯಲ್ಲಿ ಒಂದು ಪ್ಯಾಕೆಟು ಬ್ರೆಡ್ಡು, ಎರಡು ಬಾಳೆಹಣ್ಣು, ಉಪ್ಪಿನಕಾಯಿ. ಮಿಕ್ಸಿಯ ಮೇಲೆ ಅತ್ತಿಗೆ ಹೊಲಿದ ಹೂವಿನ ಮುಸುಕು ಹಾಗೆಯೇ ಇತ್ತು. ನನಗೆ ಬೈಯಬೇಕೆಂದೂ ಅಳಬೇಕೆಂದೂ ಒಟ್ಟಿಗೆ ಅನಿಸಿತು.

ವಾರಿಜಕ್ಕ ಬಂಗುಡೆಯ ಸುದ್ದಿಯನ್ನೇ ಎತ್ತಲಿಲ್ಲ. ಕುರ್ಚಿ ಎಳೆದು ಕುಳಿತು, "ಶೆಟ್ರೇ, ನಿಮ್ಮ ತಂಗಿ ಊಟದ ಹೊತ್ತಿಗೆ ನನ್ನನ್ನು ಎಬ್ಬಿಸಿಕೊಂಡು ಬಂದ್ರು. ನನಗೆ ಹಸಿವಾಗ್ತದೆ. ಬೇಳೆ ಉಂಟಾ?" ಎಂದರು.

ಹಸಿವು ಎಂಬ ಶಬ್ದ ಕೇಳಿದ್ದೇ ತಡ, ಅಣ್ಣನೊಳಗಿನ ಹೋಟೆಲಿನವನು ಎದ್ದ. ಸೊಂಟಕ್ಕೆ ಬೈರಾಸು, ಅಂದರೆ ಟವೆಲು, ಸುತ್ತಿಕೊಂಡ. ಬೇಳೆಯ ಡಬ್ಬ ಕೈಗೆ ತೆಗೆದುಕೊಂಡವನು ಅಲ್ಲೇ ನಿಂತುಬಿಟ್ಟ.

"ಇನ್ನೂರು ಜನರಿಗೆ ಬೇಳೆ ಎಷ್ಟು ಅಂತ ಕೇಳಿ, ನಿದ್ರೆಯಲ್ಲಿ ಎಬ್ಬಿಸಿದ್ರೂ ಹೇಳ್ತೇನೆ. ಒಬ್ಬನಿಗೆ ಎಷ್ಟು ಅಂತ ನನಗೆ ಗೊತ್ತಾಗುದಿಲ್ಲ. ಮಾಡಿ ನೋಡಿದೆ. ಮಾಡಿದ್ದನ್ನೇ ಮೂರು ದಿನ ತಿಂದೆ. ಮತ್ತೆ ಬಿಟ್ಟೆ" ಎಂದ. ಹೇಳುವಾಗ ನನ್ನ ಕಡೆ ನೋಡಲಿಲ್ಲ.

"ಅದು ಎಲ್ಲರಿಗೂ ಹಾಗೆ. ಒಬ್ಬಳಿಗೆ ಅಂತ ಮಾಡ್ಲಿಕ್ಕೆ ಕಲಿಯುವಷ್ಟರಲ್ಲಿ ನಾನು ಇಷ್ಟು ದಪ್ಪ ಆದೆ" ಎಂದರು ವಾರಿಜಕ್ಕ, ತಮ್ಮ ತೋಳನ್ನೇ ತಟ್ಟಿಕೊಂಡು.

ಮೂವರಿಗೆಂದು ಅವನು ಮಾಡಿದ ಸಾರು ಆ ಮಹಡಿಯ ಎಲ್ಲ ಮನೆಗಳಿಗೆ ಸಾಕಾಗುವಷ್ಟಿತ್ತು. ರುಚಿಗೆ ಹೆಸರಿಡುವ ಹಾಗಿರಲಿಲ್ಲ. ನಮಗಿಬ್ಬರಿಗೂ ಮೇಜಿನಲ್ಲಿ ಬಡಿಸಿದ. ತಾನು ಮಾತ್ರ ಅಡಿಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ ನಾಲ್ಕು ತುತ್ತು ತಿಂದ. ಕುಳಿತುಕೋ ಎಂದರೆ ಕೇಳಲಿಲ್ಲ.

ಹೊರಡುವಾಗ ವಾರಿಜಕ್ಕ ಅಪ್ಪಣೆ ಹೊರಡಿಸಿದರು. "ಶೆಟ್ರೇ, ನಾಳೆಯಿಂದ ನನ್ನ ನಾಲ್ಕು ಜನರಿಗೆ ನೀವು ಫೋನ್ ಮಾಡ್ಬೇಕು. ನನ್ನ ಗಂಟಲು ಹೋಗಿದೆ."

"ಗುರುತಿಲ್ಲದವರಿಗೆ ಫೋನ್ ಮಾಡಿ ಪದಾರ್ಥ ಎಂತ ಅಂತ ಕೇಳುದಾ? ಪೋಲೀಸಿಗೆ ಕೊಡ್ತಾರೆ ಮಾರಾಯ್ರೆ."

"ನಮ್ಮ ಊರಲ್ಲಿ ಕೊಡುದಿಲ್ಲ. ಆದ್ರೆ ಒಂದು, ಅವರು ನಿಮ್ಮನ್ನೂ ತಿರುಗಿ ಕೇಳ್ತಾರೆ. ಆಗ ಹೇಳ್ಲಿಕ್ಕೆ ಮನೆಯಲ್ಲಿ ಎಂತಾದ್ರೂ ಇರ್ಬೇಕು. ಸಂಕ್ರಾಂತಿಗೆ ಬಂಗುಡೆ ಅಂದ್ರೆ ಮರ್ಯಾದೆ ಹೋಗ್ತದೆ."

ಅಣ್ಣನ ಮುಖ ಕೆಂಪಾಯಿತು. ಆಮೇಲೆ ಜೋರಾಗಿ ನಕ್ಕುಬಿಟ್ಟ. ಅತ್ತಿಗೆ ಹೋದ ನಂತರ ನಾನು ಆ ನಗು ಕೇಳಿರಲಿಲ್ಲ.

ಆ ನಾಲ್ವರಲ್ಲಿ ಒಬ್ಬರು ಉಳ್ಳಾಲದ ಹಮೀದ್ ಹಾಜಿ, ಹಿಂದೆ ಮರದ ವ್ಯಾಪಾರ ಮಾಡಿದವರು. ವಾರಿಜಕ್ಕನಿಗೆ ಅವರು ಸಿಕ್ಕಿದ್ದು ಕಣ್ಣಿನ ಆಸ್ಪತ್ರೆಯಲ್ಲಿ. ಕಣ್ಣಿಗೆ ಮದ್ದು ಬಿಟ್ಟು, ಮುಚ್ಚಿಕೊಂಡಿರಿ ಎಂದು ಎಲ್ಲರನ್ನೂ ಸಾಲಾಗಿ ಕೂರಿಸುತ್ತಾರಲ್ಲ, ಆಗ. ಸುಮ್ಮನೆ ಕೂರುವುದು ಹೇಗೆಂದು ವಾರಿಜಕ್ಕ ತಮ್ಮ ಬಲಗಡೆಗೆ ಮುಖ ತಿರುಗಿಸಿ, ಕಣ್ಣು ಮುಚ್ಚಿಕೊಂಡೇ, ಯಾರಿದ್ದಾರೆಂದು ತಿಳಿಯದೆಯೇ ಪದಾರ್ಥ ವಿಚಾರಿಸಿದರಂತೆ. ಬಲಗಡೆಯ ಕತ್ತಲು ನಿಟ್ಟುಸಿರು ಬಿಟ್ಟು, "ಸೊಸೆ ಎಂತ ಮಾಡಿದ್ದಾಳೋ ಗೊತ್ತಿಲ್ಲ. ಮನೆ ತುಂಬ ಜನ ಉಂಟು, ನನ್ನ ಹತ್ರ ಮಾತಾಡ್ಲಿಕ್ಕೆ ಯಾರಿಗೂ ಟೈಮಿಲ್ಲ" ಎಂದಿತಂತೆ. ಆ ಕತ್ತಲೇ ಹಾಜಿಯವರು. ಕಣ್ಣು ತೆರೆದಾಗಲೂ ಮದ್ದಿನ ಮಂಜಿನಲ್ಲಿ ಪರಸ್ಪರ ಮುಖ ಸರಿಯಾಗಿ ಕಾಣಲಿಲ್ಲ. ನಂಬರು ಮಾತ್ರ ಬದಲಾಯಿಸಿಕೊಂಡರು.

ಅಣ್ಣನ ಮೊದಲ ಫೋನಿಗೆ ಹಾಜಿಯವರು "ಲೋನ್ ಬೇಡ" ಎಂದು ಇಟ್ಟುಬಿಟ್ಟರು. ಎರಡನೆಯದಕ್ಕೆ ಬೈದರು. ಮೂರನೆಯದಕ್ಕೆ, ತಾನು ಮಾಡುತ್ತಿರುವುದು ಬಂಗುಡೆ ಎಂದು ಅಣ್ಣ ಅವಸರದಲ್ಲಿ ಹೇಳಿದಾಗ, ಬಂಗುಡೆಗೆ ಶುಂಠಿ ಹಾಕಬೇಕೋ ಬೇಡವೋ ಎಂದು ಜಗಳ ಶುರುವಾಯಿತು. ಆ ಜಗಳ ತಿಂಗಳುಗಟ್ಟಲೆ ನಡೆಯಿತು. ವಾದಕ್ಕೆ ಸಾಕ್ಷಿ ಬೇಕೆಂದು ಅಣ್ಣ ಮಾರ್ಕೆಟ್ಟಿಗೆ ಹೋಗತೊಡಗಿದ. ಸಂಜೆ ನಾನು ಫೋನು ಮಾಡಿದರೆ ಫಸ್ಟ್ ಕ್ಲಾಸ್ ಎನ್ನುವುದು ನಿಂತುಹೋಯಿತು. ತೆಂಗಿನಕಾಯಿಗೆ ರೇಟು ಹೆಚ್ಚಾಯಿತು, ಮೊಣಕಾಲು ನೋವು, ಆ ಹಾಜಿಗೆ ತಲೆ ಸರಿಯಿಲ್ಲ, ಹೀಗೆ ದೂರುಗಳ ಮೇಲೆ ದೂರು. ಕೇಳುತ್ತ ಕೇಳುತ್ತ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದು ಹೇಳಲಾರೆ.

ಆದರೂ ಉಣ್ಣುವಾಗ ಅವನು ಒಬ್ಬನೇ, ಅದೇ ಕಟ್ಟೆಗೆ ಒರಗಿ, ನಿಂತುಕೊಂಡೇ. ನಮ್ಮ ಮನೆಗೆ ಊಟಕ್ಕೆ ಕರೆದರೆ ಏನಾದರೊಂದು ನೆಪ. "ಅಡಿಗೆ ಆಯ್ತು ಟೀಚರೇ" ಎಂದರು ವಾರಿಜಕ್ಕ. "ಇನ್ನು ಊಟ ಆಗ್ಬೇಕು."

ಕೊನೆಗೆ ಹಾಜಿಯವರೇ ಸವಾಲು ಹಾಕಿದರು. ಫೋನಿನಲ್ಲಿ ಎಷ್ಟು ಹೇಳಿದರೂ ರುಚಿ ಗೊತ್ತಾಗುವುದಿಲ್ಲ, ಒಂದು ಭಾನುವಾರ ಮನೆಗೆ ಬಂದು ತಿಂದು ನೋಡಿ ಎಂದರು. ಅಣ್ಣ ಒಪ್ಪಿದ. ಮೊದಲ ಭಾನುವಾರ ಮೊಣಕಾಲಿಗೆ ಹೋಯಿತು, ಎರಡನೆಯದು ಮಳೆಗೆ. ಮೂರನೆಯ ಭಾನುವಾರ ವಾರಿಜಕ್ಕ ಕಾರು ಗೊತ್ತುಮಾಡಿ, ನನ್ನನ್ನು ಹತ್ತಿಸಿ, ಜೆಪ್ಪುವಿಗೆ ಹೋಗಿ ಅವನನ್ನು ಕೂರಿಸಿಯೇಬಿಟ್ಟರು.

ನೇತ್ರಾವತಿ ಸೇತುವೆಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಅದರ ಹಿಂದೆ ನಾವು. ಊಟದ ಹೊತ್ತು ಮೀರುತ್ತ ಬಂದಂತೆ ಅಣ್ಣನ ಚಡಪಡಿಕೆ ಹೆಚ್ಚಿತು.

"ಅವರದ್ದೆಲ್ಲ ಊಟ ಆಗಿರ್ತದೆ. ಈಗ ಹೋದ್ರೆ ನಾಚಿಕೆ. ಕಾರು ತಿರುಗಿಸ್ಲಿಕ್ಕೆ ಹೇಳು" ಎಂದು ನನಗೆ ಅಂದ. ದನಿ ಕೇಳಿ ನನಗೆ ಹೆದರಿಕೆಯಾಯಿತು. ಇವತ್ತು ತಿರುಗಿದರೆ ಇವನು ಇನ್ನೆಂದೂ ಯಾರ ಮನೆಗೂ ಹೊರಡುವುದಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು.

"ಸೇತುವೆಯಲ್ಲಿ ತಿರುಗಿಸ್ಲಿಕ್ಕೆ ಆಗುದಿಲ್ಲ ಶೆಟ್ರೇ" ಎಂದು ವಾರಿಜಕ್ಕ ಹೊಳೆ ನೋಡುತ್ತ ಕುಳಿತರು.

ನಾವು ತಲುಪಿದಾಗ ಊಟ ಮುಗಿದ ಮನೆಯ ಲಕ್ಷಣಗಳೆಲ್ಲ ಅಲ್ಲಿದ್ದವು. ಒಳಗೆ ಪಾತ್ರೆ ತೊಳೆಯುವ ಸದ್ದು, ಚಾವಡಿಯಲ್ಲಿ ಗಂಡಸರು ಮಲಗಿದ್ದರು, ಮಕ್ಕಳು ಮೊಬೈಲು ಹಿಡಿದಿದ್ದರು. ಅಣ್ಣ ಚಪ್ಪಲಿ ಕಳಚದೆ ಮೆಟ್ಟಿಲಲ್ಲೇ ನಿಂತ. ಅಷ್ಟರಲ್ಲಿ ಹಾಜಿಯವರ ಸೊಸೆ ತಲೆಯ ಮೇಲಿನ ಬಟ್ಟೆ ಸರಿಪಡಿಸಿಕೊಳ್ಳುತ್ತ ಹೊರಗೆ ಬಂದಳು.

"ಬನ್ನಿ ಬನ್ನಿ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಇವರಿಗೆ. ಶುಗರ್ ಉಂಟು, ಹೊತ್ತಿಗೆ ಸರಿಯಾಗಿ ತಿನ್ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ನಮ್ಮದೆಲ್ಲ ಆಯ್ತು. ಎಷ್ಟು ಕರೆದ್ರೂ ಶೆಟ್ರು ಬರ್ಲಿ ಅಂತ ಕೂತಿದ್ದಾರೆ."

ಅವಳ ಹಿಂದೆ ಒಳಗೆ ಹೋದರೆ ಉದ್ದದ ಮೇಜಿನ ತುದಿಯಲ್ಲಿ ಬಿಳಿ ಟೊಪ್ಪಿಯ, ಕಡ್ಡಿಯಂಥ ಮುದುಕರೊಬ್ಬರು ಕುಳಿತಿದ್ದರು. ಮುಂದೆ ಮುಚ್ಚಿಟ್ಟ ಪಾತ್ರೆಗಳು, ತೊಳೆದಿಟ್ಟ ನಾಲ್ಕು ತಟ್ಟೆಗಳು. ನಮ್ಮನ್ನು ಕಂಡು ಎದ್ದು ನಿಂತರು.

"ನೀವಾ ಶೆಟ್ರು? ದನಿ ಕೇಳಿ ದಪ್ಪ ಇದ್ದೀರಿ ಅಂತ ಎಣಿಸಿದ್ದೆ."

ಅಣ್ಣ ಆ ತಮಾಷೆಗೆ ನಗಲಿಲ್ಲ. ತಟ್ಟೆಗಳನ್ನೇ ನೋಡುತ್ತಿದ್ದ. "ನೀವು ಇನ್ನೂ ಉಣ್ಣಲಿಲ್ವಾ? ನನಗೋಸ್ಕರ ಕೂತದ್ದಾ?"

"ಮತ್ತೆಂತ? ಕರೆದು ನಾವೇ ಮೊದಲು ಉಣ್ಣುದಾ?"

ಅಣ್ಣ ಗೋಡೆಗೆ ಕೈ ಕೊಟ್ಟ. "ಹೋಟೆಲಲ್ಲಿ ಮಧ್ಯಾಹ್ನದ ಗಿರಾಕಿ ಎಲ್ಲ ಮುಗಿದು ನಾನು ಮನೆಗೆ ಹೋಗುವಾಗ ದಿನಾ ನಾಲ್ಕು ಗಂಟೆ. ಸುಮತಿ ಉಣ್ಣದೆ ಕೂತಿರ್ತಿದ್ದಳು. ನಾನು ಬೈತಿದ್ದೆ, ಯಾಕೆ ಕಾಯುದು ಅಂತ. ಅವಳು ಹೋದ ಮೇಲೆ ನನಗಾಗಿ ಯಾರೂ ಹಸಿದು..."

ಅತ್ತಿಗೆಯ ಹೆಸರು ಅವನ ಬಾಯಲ್ಲಿ ಬಂದದ್ದು, ಅವರು ಹೋದ ಮೇಲೆ, ಅದೇ ಮೊದಲು. ಎಪ್ಪತ್ತು ದಾಟಿದ ನನ್ನ ಅಣ್ಣ, ಹಿಂದೆಂದೂ ಕಾಣದ ಮನೆಯಲ್ಲಿ, ಚಪ್ಪಲಿ ಹಾಕಿಕೊಂಡೇ ನಿಂತು ಮಗುವಿನ ಹಾಗೆ ಅತ್ತ. ಸೊಸೆ ಒಳಗೆ ಸರಿದಳು. ನನಗೂ ಕಣ್ಣು ಮಂಜಾಗಿ, ಏನು ಮಾಡಬೇಕೆಂದು ತಿಳಿಯದೆ ವಾರಿಜಕ್ಕನ ಕಡೆ ನೋಡಿದೆ. ಅವರೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಇನ್ನೊಂದು ಕೈ ಮಾತ್ರ ಒಂದು ಪಾತ್ರೆಯ ಮುಚ್ಚಳವನ್ನು ಆಗಲೇ ಎತ್ತಿತ್ತು.

ಹಾಜಿಯವರು ತಮ್ಮ ಪಕ್ಕದ ಕುರ್ಚಿಯನ್ನು ಹೊರಗೆಳೆದರು.

"ಅಳುದಾದ್ರೆ ಕೂತು ಅಳಿ ಶೆಟ್ರೇ. ಮೊದಲು ಕೈ ತೊಳೆದು ಬನ್ನಿ. ನನಗೆ ಹಸಿವಲ್ಲಿ ತಲೆ ತಿರುಗ್ತದೆ."

ಅಣ್ಣ ಕೈ ತೊಳೆದು ಬಂದು ಕುಳಿತ.